ತಕ್ಕಡಿಯ ಮುದ್ರೆ ಮತ್ತು ಜೂಜಿನ ಪರವಾನಗಿ

ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನು ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿರಿಸಿ ಒಣಗಿಸಿ, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ತರುತ್ತಾನೆ. ಅಲ್ಲಿ ತೂಗುವ ತಕ್ಕಡಿಗೆ ಸರ್ಕಾರದ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರಬೇಕು. ಆ ಮುದ್ರೆಯು ತೂಕಕ್ಕೆ ಹೊಣೆಯೇ ಹೊರತು ಅಂದಿನ ಧಾರಣೆಗಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ, ಅದೇ ಕೊಬ್ಬರಿಯ ಹಣವನ್ನು ಮೊಬೈಲಿನ ಮೂಲಕ ಸೆಳೆಯಬಲ್ಲ ಆನ್‌ಲೈನ್ ಕ್ಯಾಸಿನೊಗಳೂ ತಮ್ಮ ಬಳಿ ಪರವಾನಗಿಯಿದೆ ಎಂದು ಹೇಳಿಕೊಳ್ಳುತ್ತವೆ.

ಪರವಾನಗಿಯಿಂದ ರಕ್ಷಣೆಯೇ ಇಲ್ಲವೆನ್ನಲಾಗದು. ಬ್ರಿಟನ್ನಿನಲ್ಲಿ 2005ರ ಜೂಜು ಕಾಯಿದೆಯ ಮೇರೆಗೆ ಒಂದು ಆಯೋಗವಿದೆ. ಆಟಗಾರನ ವಯಸ್ಸನ್ನು ಪರೀಕ್ಷಿಸುವುದು, ಅವನ ಹಣವನ್ನು ಬೇರೆ ಖಾತೆಯಲ್ಲಿಡುವುದು, ದೂರನ್ನು ಹೊರಗಿನ ಮಧ್ಯಸ್ಥರ ಮುಂದಿಡಲು ಅವಕಾಶ ಕೊಡುವುದು, ಇವೆಲ್ಲ ಪರವಾನಗಿದಾರನ ಕರ್ತವ್ಯಗಳು. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಜೂಜಾಡುವುದನ್ನೂ ಅಲ್ಲಿ ನಿಲ್ಲಿಸಲಾಯಿತು.

ಇವುಗಳಿಗಿಂತ ಸ್ವಾರಸ್ಯವಾದುದು ಯಾದೃಚ್ಛಿಕತೆಯ ಪರೀಕ್ಷೆ. ರೂಲೆಟ್ ಆಟದಲ್ಲಿ 0ಯಿಂದ 36ರವರೆಗೆ 37 ಅಂಕಗಳಿವೆ. ಗಣಕಯಂತ್ರವು 3,70,000 ಸಲ ಅಂಕ ಹೊರಡಿಸಿದರೆ ಒಂದೊಂದೂ ಸರಾಸರಿ 10,000 ಸಲ ಬರಬೇಕು. ನೂರಿನ್ನೂರು ಹೆಚ್ಚು ಕಡಿಮೆಯಾಗುವುದು ಸಹಜ. ಆದರೆ ಯಾವುದೋ ಒಂದು ಅಂಕ 9,000 ಸಲ ಮಾತ್ರ ಬಂದಿದ್ದರೆ, ಅದು ಆಕಸ್ಮಿಕವೆಂದು ಯಾವ ಗಣಿತಜ್ಞನೂ ಒಪ್ಪಲಾರನು. ಪರೀಕ್ಷಾಲಯಗಳು ಇಂತಹ ಮೋಸವನ್ನು ಹಿಡಿಯುತ್ತವೆ.

ಹಾಗಾದರೆ ಮೋಸವಿಲ್ಲದ ಆಟದಲ್ಲಿ ನಷ್ಟವಿಲ್ಲವೇ? ಲೆಕ್ಕ ಹಾಕಿ ನೋಡೋಣ. 37 ಅಂಕಗಳ ಮೇಲೂ ನೂರು ನೂರು ರೂಪಾಯಿ ಹೂಡಿದರೆ 3,700 ರೂಪಾಯಿ ಆಗುತ್ತದೆ. ಗೆದ್ದ ಅಂಕಕ್ಕೆ 35 ಪಟ್ಟು ಲಾಭವೂ ಹೂಡಿದ ನೂರೂ ಸೇರಿ ಮರಳುವುದು 3,600. ನೂರು ರೂಪಾಯಿ ಯಜಮಾನನದು! ಅಂದರೆ ಹೂಡಿದ್ದರಲ್ಲಿ ಶೇಕಡ 2.7. ಅಲ್ಪವೆಂದು ತೋರಬಹುದು, ಆದರೆ ಆಟಗಾರನು ಒಂದೇ ಸಲ ಆಡಿ ಏಳುವವನಲ್ಲ. ಕೈಯಲ್ಲಿರುವ ಹಣವನ್ನೆಲ್ಲ 25 ಸಲ ಮತ್ತೆ ಮತ್ತೆ ತಿರುಗಿಸಿದರೆ, ಸರಾಸರಿಯಲ್ಲಿ ಉಳಿಯುವುದು ಸುಮಾರು ಅರ್ಧ. ಆಯೋಗವು ಈ ಲೆಕ್ಕವನ್ನು ತಿದ್ದುವುದಿಲ್ಲ. ಆಟವು ಈ ಲೆಕ್ಕದಂತೆಯೇ ನಡೆಯುತ್ತಿದೆಯೆಂದು ಪ್ರಮಾಣೀಕರಿಸುತ್ತದೆ.

ನಮ್ಮ ರಾಜ್ಯದಲ್ಲಂತೂ ಆ ಮುದ್ರೆಯೂ ಇಲ್ಲ. ಕರ್ನಾಟಕವು ಆನ್‌ಲೈನ್ ಕ್ಯಾಸಿನೊಗಳಿಗೆ ಪರವಾನಗಿ ಕೊಟ್ಟಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯಿದೆಯು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುತ್ತದೆ. ಅದರಲ್ಲಿ ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ ಹಾಗೂ ಹಣ ಸಾಗಿಸುವವರಿಗೆ.

ದೂರದ ಯಾವುದೋ ದ್ವೀಪದ ಪರವಾನಗಿಯನ್ನು ತೋರಿಸುವ ಕ್ಯಾಸಿನೊದಲ್ಲಿ ತಿಪಟೂರಿನವನೊಬ್ಬನು ಗೆದ್ದನೆಂದೇ ಇಟ್ಟುಕೊಳ್ಳೋಣ. ಯಜಮಾನನು ಹಣ ಕೊಡದಿದ್ದರೆ ಇಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಬಹುದೇ? 1872ರ ಭಾರತೀಯ ಕರಾರು ಕಾಯಿದೆಯ 30ನೆಯ ಕಲಮಿನಂತೆ ಪಂದ್ಯದ ಕರಾರು ಅನೂರ್ಜಿತ. ಅದರಲ್ಲಿ ಗೆದ್ದ ಹಣಕ್ಕಾಗಿ ಹೂಡಿದ ದಾವೆ ನಿಲ್ಲುವುದಿಲ್ಲ.