ಹಳೆಯ ಮೋಟಾರು ಬಂಡಿಗಳಲ್ಲಿ ಬ್ಯಾಕ್‌ಫೈರು: ಕಾರಣವನ್ನು ಕಂಡುಹಿಡಿಯುವ ಕ್ರಮ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕೆಲವು ಮನೆಗಳಲ್ಲಿ ಕಾರ್ಬ್ಯುರೇಟರುಳ್ಳ ಹಳೆಯ ಅಂಬಾಸಿಡರ್ ಮತ್ತು ಫಿಯಟ್ ಕಾರುಗಳೂ ಪೆಟ್ರೋಲ್ ಜೀಪುಗಳೂ ಇಂದಿಗೂ ಉಪಯೋಗದಲ್ಲಿವೆ. ಮದುವೆ, ಜಾತ್ರೆ, ಕಚೇರಿಯ ಕೆಲಸಗಳಿಗೆಂದು ಹೊರಡಿಸಿದಾಗ ಇವು ಕೋವಿ ಹಾರಿಸಿದಂತೆ ಢಮ್ಮೆಂದು ಸಿಡಿಯುವುದುಂಟು. ಇದನ್ನೇ ಬ್ಯಾಕ್‌ಫೈರು ಎನ್ನುವರು. ಇದು ಬರಿಯ ಸದ್ದಲ್ಲ. ಎಂಜಿನ್ನಿನ ಒಳಗೆ ಉರಿಯಬೇಕಾದ ಬೆಂಕಿಯು ಸ್ಥಳ ತಪ್ಪಿ ಉರಿಯುತ್ತಿದೆ ಎಂಬುದರ ಗುರುತು. ಹುಲ್ಲಿನ ಮೆದೆಯ ಪಕ್ಕದಲ್ಲಾಗಲಿ, ಒಣಗಿದ ಕಬ್ಬಿನ ಸೋಗೆಯ ಮೇಲಾಗಲಿ ಬಂಡಿಯು ನಿಂತಿರುವಾಗ ಒಂದು ಕಿಡಿ ಹಾರಿದರೆ ವರ್ಷದ ಮೇವೂ ಬೆಳೆಯೂ ಕ್ಷಣದಲ್ಲಿ ನಾಶವಾಗುವುವು. ಆದುದರಿಂದ ಇದರ ಕಾರಣವನ್ನು ಗುರುತಿಸುವ ಕ್ರಮವನ್ನು ಪ್ರತಿಯೊಬ್ಬ ಬಂಡಿಯ ಯಜಮಾನರೂ ತಿಳಿದಿರುವುದು ಒಳ್ಳೆಯದು.

ಸದ್ದು ಬರುವ ಸ್ಥಳ

ಮೊದಲು ಗಮನಿಸತಕ್ಕ ವಿಷಯವೇನೆಂದರೆ, ಸದ್ದು ಮುಂದಿನಿಂದ ಬರುವುದೋ ಹಿಂದಿನಿಂದ ಬರುವುದೋ ಎಂಬುದು. ಕಾರ್ಬ್ಯುರೇಟರಿನ ಬಾಯಿಂದ ಬಂದರೆ ಎಂಜಿನ್ನಿಗೆ ಪೆಟ್ರೋಲು ಸಾಲದೆ ಇರುವುದು ಸಾಮಾನ್ಯ ಕಾರಣ. ಸೈಲೆನ್ಸರಿನ ಬಾಯಿಂದ ಬಂದರೆ ಪೆಟ್ರೋಲು ಉರಿಯದೆ ಹೊರಕ್ಕೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಈ ಭೇದವನ್ನು ತಿಳಿಯದೆ ಕಾರ್ಬ್ಯುರೇಟರನ್ನು ಬಿಚ್ಚಿಸುವುದರಿಂದ ಹಣವೂ ದಿನವೂ ವ್ಯರ್ಥವಾಗುವುವು.

ಮುಂದಿನಿಂದ ಸಿಡಿಯುವುದು

ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ತೂಕ ಗಾಳಿ ಬೇಕು. ಗಾಳಿಯು ಇದಕ್ಕಿಂತ ಬಹಳ ಹೆಚ್ಚಾದರೆ ಮಿಶ್ರಣವು ನಿಧಾನವಾಗಿ ಉರಿಯುವುದು. ಮರಳಿ ಒಳವಾಲ್ವು ತೆರೆಯುವ ವೇಳೆಗೆ ಉರಿ ಇನ್ನೂ ಆರದಿದ್ದರೆ, ಅದು ಒಳಬರುವ ಮಿಶ್ರಣಕ್ಕೆ ತಗುಲಿ ಕಾರ್ಬ್ಯುರೇಟರಿನ ಕಡೆಗೆ ಹಿಂದೆ ಸರಿಯುವುದು.

ಇದನ್ನು ಪರೀಕ್ಷಿಸುವುದು ಸುಲಭ. ಎಂಜಿನ್ನು ಚೆನ್ನಾಗಿ ಕಾದ ಮೇಲೆ ಚೋಕನ್ನು ಸ್ವಲ್ಪ ಎಳೆಯಬೇಕು. ಸಿಡಿತ ನಿಂತರೆ ಪೆಟ್ರೋಲಿನ ಕೊರತೆಯೇ ಕಾರಣವೆಂದು ನಿಶ್ಚಯಿಸಬಹುದು. ಅನಂತರ ಈ ಕೆಳಗಿನವುಗಳನ್ನು ಕ್ರಮವಾಗಿ ನೋಡತಕ್ಕದ್ದು.

1. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ರಂಧ್ರ ಮುಚ್ಚಿಹೋಗಿದೆಯೇ. ಫಿಲ್ಟರಿನಲ್ಲಿ ತುಕ್ಕು, ಕಸ ಕಟ್ಟಿದೆಯೇ.
2. ಕಾರ್ಬ್ಯುರೇಟರಿನ ಜೆಟ್ಟು ಕಟ್ಟಿಕೊಂಡಿದೆಯೇ. ಜೆಟ್ಟನ್ನು ಗಾಳಿ ಊದಿ ಶುದ್ಧಮಾಡಬೇಕಲ್ಲದೆ ತಂತಿಯಿಂದ ಚುಚ್ಚಬಾರದು, ರಂಧ್ರವು ದೊಡ್ಡದಾಗುವುದು.
3. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಣ ಪ್ಯಾಕಿಂಗಿನಲ್ಲಿ ಗಾಳಿ ಸೇರುತ್ತಿದೆಯೇ. ಎಂಜಿನ್ನು ನಡೆಯುತ್ತಿರುವಾಗ ಸಂದಿಗೆ ಸಾಬೂನಿನ ನೀರನ್ನು ಸವರಿದರೆ, ಸೋರಿಕೆ ಇರುವ ಕಡೆ ಎಂಜಿನ್ನಿನ ಸ್ವರ ಬದಲಾಗುವುದು.
4. ಎಸ್.ಯು. ಕಾರ್ಬ್ಯುರೇಟರುಳ್ಳ ಹಳೆಯ ಅಂಬಾಸಿಡರುಗಳಲ್ಲಿ ಮೇಲಿನ ಗುಂಬದೊಳಗಿನ ಎಣ್ಣೆ ಬತ್ತಿದೆಯೇ. ಎಣ್ಣೆ ಇಲ್ಲದಿದ್ದರೆ ವೇಗ ಹೆಚ್ಚಿಸಿದ ಕೂಡಲೇ ಸಿಡಿಯುವುದು.

ಚೋಕು ಎಳೆದರೂ ಸಿಡಿತ ನಿಲ್ಲದಿದ್ದರೆ ಪ್ಲಗ್ಗಿನ ತಂತಿಗಳು ಅದಲುಬದಲಾಗಿವೆಯೇ ಎಂದು ನೋಡಬೇಕು. ಅಂಬಾಸಿಡರ್, ಫಿಯಟ್ 1100 ಮತ್ತು ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಕಿಡಿಯ ಕ್ರಮವು 1, 3, 4, 2. ಇದೂ ಸರಿಯಾಗಿದ್ದರೆ ಒಳವಾಲ್ವು ಪೂರ್ಣವಾಗಿ ಮುಚ್ಚಿಕೊಳ್ಳುತ್ತಿಲ್ಲವೆಂದು ಶಂಕಿಸಿ ಟ್ಯಾಪೆಟ್ಟಿನ ಸಂದನ್ನು ಮೇಸ್ತ್ರಿಯಿಂದ ಅಳೆಯಿಸಬೇಕು.

ಹಿಂದಿನಿಂದ ಸಿಡಿಯುವುದು

ಸೈಲೆನ್ಸರಿನಲ್ಲಿ ಸದ್ದಾದರೆ ಮೊದಲು ಕಿಡಿಯನ್ನು ಪರೀಕ್ಷಿಸಬೇಕು, ಕಾರ್ಬ್ಯುರೇಟರನ್ನು ಮುಟ್ಟಬಾರದು. ಪ್ಲಗ್ಗುಗಳನ್ನು ಬಿಚ್ಚಿ ಬಣ್ಣ ನೋಡಿದರೆ ಬಹಳ ವಿಷಯ ತಿಳಿಯುವುದು. ತಿಳಿಗಂದು ಬಣ್ಣ ಇದ್ದರೆ ಮಿಶ್ರಣ ಸರಿಯಾಗಿದೆ. ಬೆಳ್ಳಗಿದ್ದರೆ ಪೆಟ್ರೋಲು ಕಡಮೆ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು. ಒಂದೇ ಪ್ಲಗ್ಗು ಒದ್ದೆಯಾಗಿದ್ದರೆ ಅಲ್ಲಿ ಕಿಡಿಯೇ ಬೀಳುತ್ತಿಲ್ಲ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಟ್ಟಿದ್ದರೆ ಬದಲಾಯಿಸಿ, ತಯಾರಕರ ಪುಸ್ತಕದಲ್ಲಿ ಹೇಳಿರುವ ಅಂತರಕ್ಕೆ ಕೂಡಿಸಬೇಕು. ಇದು ಸಾಮಾನ್ಯವಾಗಿ 0.4 ಮಿಲಿಮೀಟರಿನ ಸಮೀಪದಲ್ಲಿರುವುದು. ಕಿಡಿಯು ತಡವಾಗಿ ಬೀಳುವಂತೆ ಕೂಡಿಸಿದ್ದರೂ ಸೈಲೆನ್ಸರಿನಲ್ಲಿ ಸಿಡಿತ ಉಂಟಾಗುವುದು.

ಪ್ಲಗ್ಗುಗಳೆಲ್ಲವೂ ಮಸಿ ಕಟ್ಟಿದ್ದರೆ ಚೋಕು ಅರ್ಧದಲ್ಲಿ ಸಿಕ್ಕಿಕೊಂಡಿದೆಯೇ, ಗಾಳಿಯ ಫಿಲ್ಟರು ಧೂಳಿನಿಂದ ಮುಚ್ಚಿದೆಯೇ ಎಂದು ನೋಡಬೇಕು. ಮಳವಳ್ಳಿಯಿಂದ ಶಿವನಸಮುದ್ರದ ಕಡೆಗೆ ಹೋಗುವಾಗ ಇಳಿಜಾರಿನಲ್ಲಿ ಪೆಡಲು ಬಿಟ್ಟಾಗ ಮಾತ್ರ ಸಿಡಿಯುವುದಾದರೆ, ಸೈಲೆನ್ಸರಿನ ಕೊಳವೆಯ ಕೀಲಿನಲ್ಲಿ ಬಿರುಕಿದ್ದು ಹೊರಗಿನ ಗಾಳಿ ಒಳಸೇರುತ್ತಿರುವುದು ಸಂಭವ.

ಎಥನಾಲ್ ಮಿಶ್ರಿತ ಪೆಟ್ರೋಲು

ಈಚೆಗೆ ಈ ತೊಂದರೆಗೆ ಇನ್ನೊಂದು ಕಾರಣವೂ ಸೇರಿದೆ. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ಹೊಸದೇನಲ್ಲ; 1948ರಲ್ಲಿಯೇ ಭಾರತದಲ್ಲಿ ಪವರ್ ಆಲ್ಕೊಹಾಲ್ ಶಾಸನವಾಯಿತು. ನೂರಕ್ಕೆ 20 ಭಾಗ ಎಥನಾಲ್ ಸೇರಿದ ಪೆಟ್ರೋಲಿನ ಮಾರಾಟವು 2023ರಲ್ಲಿ ಆರಂಭವಾಗಿ ಈಗ ಸಾಮಾನ್ಯವಾಗಿದೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಮಂಡ್ಯದ ರೈತರಿಗೆ ಕಬ್ಬಿನ ಕಾಕಂಬಿಯಿಂದ ಎಥನಾಲ್ ಆಗುವುದೆಂಬ ವಿಷಯವನ್ನು ವಿವರಿಸಬೇಕಾಗಿಲ್ಲ. ಆದರೆ ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಅದಕ್ಕೆ 9 ತೂಕ ಗಾಳಿ ಸಾಕು. 20 ಭಾಗ ಬೆರೆತ ಪೆಟ್ರೋಲಿಗೆ ಸುಮಾರು 13.5 ತೂಕ. ಹಳೆಯ ಜೆಟ್ಟು ಮೊದಲಿನಷ್ಟೇ ಪೆಟ್ರೋಲನ್ನು ಕೊಡುವುದರಿಂದ ಮಿಶ್ರಣದಲ್ಲಿ ಗಾಳಿಯೇ ಹೆಚ್ಚಾಗುವುದು. ಮೊದಲೇ ಅರೆಹೊಟ್ಟೆಯಲ್ಲಿದ್ದ ಎಂಜಿನ್ನು ಆಗ ಸಿಡಿಯತೊಡಗುವುದು. ಮೇಲಿನ ದೋಷಗಳು ಯಾವುವೂ ಇಲ್ಲವೆಂದು ಖಚಿತವಾದ ಮೇಲೆ, ಎಸ್.ಯು. ಕಾರ್ಬ್ಯುರೇಟರಿನಲ್ಲಿ ಕೆಳಗಿನ ಜೆಟ್ಟಿನ ನಟ್ಟನ್ನು ಒಂದೊಂದು ಮುಖದಷ್ಟು ಕೆಳಕ್ಕೆ ಇಳಿಸಿಯೂ, ಇತರ ಕಾರ್ಬ್ಯುರೇಟರುಗಳಲ್ಲಿ ಒಂದು ಅಳತೆ ದೊಡ್ಡ ಜೆಟ್ಟನ್ನು ಹಾಕಿಸಿಯೂ ಪ್ಲಗ್ಗಿನ ಬಣ್ಣವನ್ನು ಮತ್ತೆ ನೋಡಬೇಕು.

ಎಥನಾಲ್ ನೀರನ್ನು ಹೀರುವ ಸ್ವಭಾವದ್ದು. ತಿಂಗಳುಗಟ್ಟಲೆ ನಿಂತ ಬಂಡಿಯ ಟ್ಯಾಂಕಿನಲ್ಲಿ ನೀರು ತಳಕ್ಕೆ ಇಳಿದು ತುಕ್ಕು ಹಿಡಿಸುವುದು. ಹಳೆಯ ರಬ್ಬರು ಕೊಳವೆಗಳು ಮೆತ್ತಗಾಗಿ ಸೋರುವುವು. ಆದುದರಿಂದ ಕೊಳವೆಗಳನ್ನು ಎಥನಾಲಿಗೆ ತಡೆಯುವಂಥವುಗಳಾಗಿ ಬದಲಾಯಿಸಿ, ಬಂಡಿಯನ್ನು ಬಹುಕಾಲ ನಿಲ್ಲಿಸುವ ಮುನ್ನ ಹಳೆಯ ಪೆಟ್ರೋಲನ್ನು ತೆಗೆಯುವುದು ಲೇಸು.

ಎಚ್ಚರಿಕೆಗಳು

ಗಾಳಿಯ ಫಿಲ್ಟರನ್ನು ತೆಗೆದು ಬಂಡಿ ನಡೆಸಬಾರದು. ಹಿಂದೆ ಸರಿದ ಉರಿಯನ್ನು ಬಹುಮಟ್ಟಿಗೆ ತಡೆಯುವುದು ಅದೇ. ಎಂಜಿನ್ನು ಹೊರಡದಿದ್ದರೆ ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲು ಸುರಿಯುವ ಅಭ್ಯಾಸ ಅತ್ಯಂತ ಅಪಾಯಕರ. ಪರೀಕ್ಷೆಯನ್ನು ಕಣ, ಮೆದೆ, ಆಲೆಮನೆಗಳಿಂದ ದೂರ, ಬಯಲಿನಲ್ಲಿಯೇ ಮಾಡತಕ್ಕದ್ದು. ಒಣಮರಳಿನ ಬಕೆಟ್ಟು ಹತ್ತಿರದಲ್ಲಿರಬೇಕು. ಪೆಟ್ರೋಲಿನ ಬೆಂಕಿಗೆ ನೀರು ಹಾಕಿದರೆ ಅದು ಹರಡುವುದು.

ಗ್ರಾಮದ ಯಜಮಾನರು ಈ ಕ್ರಮವನ್ನು ತಮ್ಮ ಬಂಡಿಯಲ್ಲಿ ಅನುಸರಿಸಿ, ನೆರೆಹೊರೆಯವರಿಗೂ ತಿಳಿಸಿದಲ್ಲಿ ಮೇವು, ಬೆಳೆ ಮತ್ತು ಮನೆಗಳಿಗೆ ಬೆಂಕಿಯ ಭಯವು ಬಹಳಮಟ್ಟಿಗೆ ತಪ್ಪುವುದು.