ಸ್ಯಾಂಡ್‌ವಿಚ್ ಕೌಂಟರಿಗೆ ಸ್ವಂತ ಬ್ರೆಡ್: ಲೆಕ್ಕ ಮತ್ತು ಕ್ರಮ

ಇಡ್ಲಿ ಹಿಟ್ಟನ್ನು ಹೊರಗಿನಿಂದ ತರಿಸುವುದೆಂದರೆ ನಮ್ಮ ಹೋಟೆಲ್ ಬಂಧುಗಳು ಮರ್ಯಾದೆಗೆ ಕುಂದು ಎಂದು ತಿಳಿಯುತ್ತಾರೆ. ಆದರೆ ಅದೇ ಹೋಟೆಲಿನ ಸ್ಯಾಂಡ್‌ವಿಚ್ ಕೌಂಟರಿಗೆ ಬೇಕಾದ ಬ್ರೆಡ್ ಮಾತ್ರ ಬೆಳಿಗ್ಗೆ ಟೆಂಪೋದಲ್ಲಿ ಬರುತ್ತದೆ. ಪಕ್ಕದ ಗಾಡಿಗೂ ಅದೇ ಬ್ರೆಡ್. ಹೀಗಿರುವಾಗ ಗಿರಾಕಿ ನಮಗೆ ಹತ್ತು ರೂಪಾಯಿ ಹೆಚ್ಚು ಕೊಡಬೇಕಾದ ಕಾರಣವಾದರೂ ಏನು?

1965ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಆರಂಭವಾದ ಸಬ್‌ವೇ ಸಂಸ್ಥೆ 1983ರಲ್ಲಿ ಅಂಗಡಿಯಲ್ಲೇ ಬ್ರೆಡ್ ಬೇಯಿಸುವ ಕ್ರಮ ತಂದಿತು. 2001ರಲ್ಲಿ ಭಾರತಕ್ಕೂ ಬಂತು. ಬೇಯುವ ಬ್ರೆಡ್ಡಿನ ಪರಿಮಳವೇ ಅದರ ದೊಡ್ಡ ಜಾಹೀರಾತು. ಆದರೆ ಅಲ್ಲಿಗೆ ಕಣಕ ಶೀತಲೀಕರಿಸಿ ಬರುತ್ತದೆ. ಹುದುಗಿನ ಮರ್ಮ ಬಲ್ಲ ನಾವು ಕಣಕವನ್ನೂ ನಾವೇ ಕಲಸಬಹುದು.

ಅಳತೆ

ಬೇಕರಿಯಲ್ಲಿ ಮೈದಾವನ್ನು ನೂರು ಎಂದು ಹಿಡಿದು ಉಳಿದದ್ದನ್ನು ಶೇಕಡಾವಾರು ಅಳೆಯುತ್ತಾರೆ. 10 ಕಿಲೋ ಮೈದಾಕ್ಕೆ ನೀರು 6 ಕಿಲೋ, ಸಕ್ಕರೆ 400 ಗ್ರಾಂ, ಬೆಣ್ಣೆ ಅಥವಾ ಎಣ್ಣೆ 400 ಗ್ರಾಂ, ಉಪ್ಪು 180 ಗ್ರಾಂ, ಇನ್‌ಸ್ಟಂಟ್ ಡ್ರೈ ಈಸ್ಟ್ 100 ಗ್ರಾಂ. ಒಟ್ಟು ಸುಮಾರು 17 ಕಿಲೋ ಕಣಕ. 450 ಗ್ರಾಂನಂತೆ ತುಂಡು ಮಾಡಿದರೆ 37 ಲೋಫ್. ಬೆಂದು ಆರಿದ ಮೇಲೆ ಒಂದೊಂದು ಸುಮಾರು 400 ಗ್ರಾಂ ತೂಗುತ್ತದೆ. ತುದಿಗಳನ್ನು ಬಿಟ್ಟು 14 ಸ್ಲೈಸ್ ಸಿಕ್ಕಿದರೆ ಲೋಫಿಗೆ 7, ಒಟ್ಟು ಸುಮಾರು 250 ಸ್ಯಾಂಡ್‌ವಿಚ್.

ಕ್ರಮ

ಕಣಕವನ್ನು ಚೆನ್ನಾಗಿ ನಾದಿ, ಇಮ್ಮಡಿಯಾಗುವವರೆಗೆ ಮುಚ್ಚಿಡಿ. ತುಂಡು ಮಾಡಿ, ಸುತ್ತಿ, ಅಚ್ಚಿಗೆ ಹಾಕಿ ಮತ್ತೆ ಉಬ್ಬಲು ಬಿಡಿ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ನಿಮಿಷ ಬೇಯಿಸಿ. ಚೌಕಾಕಾರದ ಸ್ಲೈಸ್ ಬೇಕಾದರೆ ಮುಚ್ಚಳವಿರುವ ಅಚ್ಚು ಬಳಸಿ.

ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಕೆಲಸ ಕೆಡುವುದು ನೀರಿನಿಂದ. ಕಲಸಿದ ಕಣಕ 27 ಡಿಗ್ರಿ ಇರಬೇಕು. 27ನ್ನು ಮೂರರಿಂದ ಗುಣಿಸಿದರೆ 81. ಅದರಿಂದ ಮೈದಾದ ಉಷ್ಣತೆ, ಅಡುಗೆಮನೆಯ ಉಷ್ಣತೆ, ಯಂತ್ರದ ತಿಕ್ಕಾಟದ ಬಿಸಿ ಇವನ್ನು ಕಳೆಯಿರಿ. ಮೈದಾ 32, ಕೋಣೆ 32, ಯಂತ್ರ 10 ಎಂದಾದರೆ ಉಳಿದದ್ದು 7. ಅಂದರೆ ನೀರು 7 ಡಿಗ್ರಿ ಇರಬೇಕು. ಮಂಜುಗಡ್ಡೆ ಬೇಕೇ ಬೇಕು. ಇದನ್ನು ಮರೆತರೆ ಕಣಕ ಅವಸರದಲ್ಲಿ ಉಬ್ಬಿ ಹುಳಿಯಾಗುತ್ತದೆ.

ಬಿಸಿ ಬ್ರೆಡ್ಡನ್ನು ಕೊಯ್ಯಬೇಡಿ. ಕನಿಷ್ಠ ಎರಡು ಗಂಟೆ ಜಾಲರಿಯ ಮೇಲೆ ಆರಬೇಕು. ಇಲ್ಲದಿದ್ದರೆ ಒಳಗೆ ಅಂಟಾಗಿ, ಚಟ್ನಿ ಹಚ್ಚುವಾಗಲೇ ಹರಿಯುತ್ತದೆ. ಫ್ರಿಜ್ಜಿನಲ್ಲೂ ಇಡಬೇಡಿ, ಆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ ಬ್ರೆಡ್ ಒಣಗಿದಂತಾಗುತ್ತದೆ. ಉಳಿಸಲೇಬೇಕಾದರೆ ಡೀಪ್ ಫ್ರೀಜರ್ ಲೇಸು. ಸ್ಲೈಸಿನ ಅಂಚಿನವರೆಗೂ ಬೆಣ್ಣೆ ಹಚ್ಚಿದರೆ ಟೊಮೆಟೊ, ಸೌತೆಕಾಯಿಯ ನೀರು ಒಳಗೆ ಇಳಿಯುವುದಿಲ್ಲ.

ಎಚ್ಚರಿಕೆಗಳು

ಪೊಟ್ಯಾಶಿಯಂ ಬ್ರೋಮೇಟನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ನಿಷೇಧಿಸಿದೆ. ಆದ್ದರಿಂದ ‘ಇಂಪ್ರೂವರ್’ ಕೊಳ್ಳುವಾಗ ಪೊಟ್ಟಣದ ಮೇಲಿನ ವಿವರ ಓದಿ. ನಿಮ್ಮ ಪರವಾನಗಿಯಲ್ಲಿ ಬೇಕರಿ ಪದಾರ್ಥ ಸೇರಿದೆಯೇ ಎಂದೂ ನೋಡಿಕೊಳ್ಳಿ. ಸಂರಕ್ಷಕ ಹಾಕದ ಬ್ರೆಡ್ ಮಳೆಗಾಲದಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ದಿನದ್ದು ದಿನಕ್ಕೆ ಮುಗಿಯಲಿ. ಉಳಿದ ತುದಿಗಳನ್ನು ಅಂದೇ ಒಣಗಿಸಿದರೆ ಕಟ್ಲೆಟ್ಟಿಗೆ ಪುಡಿಯಾಯಿತು.

ಪ್ಯಾಕೆಟ್ ಬ್ರೆಡ್ಡಿಗಿಂತ ಅಗ್ಗವಾದೀತೆಂದು ಈ ಕೆಲಸಕ್ಕೆ ಇಳಿಯಬೇಡಿ. ದೊಡ್ಡ ಕಾರ್ಖಾನೆಯ ದರಕ್ಕೆ ಸಣ್ಣ ಓವನ್ ಸಾಟಿಯಲ್ಲ. ಸಾಮಾನು, ವಿದ್ಯುತ್, ಸಂಬಳ, ಹಾಳಾದದ್ದು ಎಲ್ಲ ಕೂಡಿಸಿ, ಮಾರಿದ ಸ್ಯಾಂಡ್‌ವಿಚ್‌ಗಳಿಂದ ಭಾಗಿಸಿ. ಆ ಹೆಚ್ಚಳವನ್ನು ನಿಮ್ಮ ಬಡಾವಣೆಯ ಗಿರಾಕಿ ಕೊಟ್ಟಾನೇ ಎಂಬುದೇ ಪ್ರಶ್ನೆ. ಓವನ್ ಕೊಳ್ಳುವ ಮೊದಲು ಒಂದು ತಿಂಗಳು 2 ಕಿಲೋ ಮೈದಾದಲ್ಲಿ ಮಾಡಿ, ಒಂದೇ ಬಗೆಯ ಸ್ಯಾಂಡ್‌ವಿಚ್‌ಗೆ ಬಳಸಿ ನೋಡಿ.

ಇನ್ನೊಂದು ಮಾತು. ಈ ವಿದ್ಯೆ ಒಬ್ಬನ ಕೈಯಲ್ಲೇ ಉಳಿಯಬಾರದು. ಅವನು ಚೌತಿಗೆ ಊರಿಗೆ ಹೋದರೆ ಅಂಗಡಿಯ ಹೆಸರೂ ಅವನೊಡನೆ ರೈಲು ಹತ್ತುತ್ತದೆ. ಅಳತೆಯನ್ನು ಗೋಡೆಗೆ ಬರೆದು ಹಾಕಿ, ಕನಿಷ್ಠ ಇಬ್ಬರಿಗೆ ಕಲಿಸಿ. ಬೆಳಗಿನ ಜಾವ ಮೂರಕ್ಕೆ ಏಳುವ ಕೆಲಸಗಾರನಿಗೆ ಮಧ್ಯಾಹ್ನದ ನಿದ್ದೆ ಬಿಟ್ಟುಕೊಡಿ. ಬ್ರೆಡ್ಡಿನ ಗುಣ ನಿಂತಿರುವುದು ಅವನ ಕೈಯ ಮೇಲೆ.