ಲಾಂಛನದ ಮೂರು ಗುಣಗಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ರಸ್ತೆಗಳಲ್ಲಿ ಓಡಾಡುವ ನಮಗೆ ಸರ್ಕಾರಿ ಬಸ್ಸಿನ ಮೇಲಿನ ಗಂಡಭೇರುಂಡ ಕಾಣದ ದಿನವಿಲ್ಲ; ಆದರೆ ನಾವು ಅದನ್ನು ಗಮನಿಸುವುದಿಲ್ಲ. ನನಗೆ ಅದನ್ನು ನೋಡಲು ಕಲಿಸಿದವರು ಅಕ್ಷರವರಿಯದ ನನ್ನ ಅಜ್ಜಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಖಾಸಗಿ ಬಸ್ಸಿಗೆ ಹಣ ತೆರಲೇಬೇಕು. ಕೊರಟಗೆರೆಯ ನಿಲ್ದಾಣದಲ್ಲಿ ಅಜ್ಜಿ ಬೋರ್ಡನ್ನು ಓದಲಾರರು. “ಎರಡು ತಲೆ ಹಕ್ಕಿ ಇದೆಯೇನೋ ನೋಡು” ಎನ್ನುತ್ತಾರೆ. ಅವರಿಗೆ ಲಾಂಛನವೆಂದರೆ ಅಲಂಕಾರವಲ್ಲ, ಸೆರಗಿನ ಗಂಟಿನಲ್ಲಿರುವ ಹಣದ ಪ್ರಶ್ನೆ.

ಈ ಗುರುತು ಅಷ್ಟು ಸುಲಭವಾಗಿ ತಿಳಿಯುವುದೇಕೆ? ಮೊದಲನೆಯದು, ಆಕೃತಿಯ ಸ್ಪಷ್ಟತೆ. ಒಂದು ಒಡಲು, ಎರಡು ತಲೆ, ಎಡಬಲಗಳು ಸಮ. ಧೂಳು ಮುಸುಕಿದರೂ ಹೊರಗೆರೆ ಉಳಿಯುತ್ತದೆ. ಎರಡನೆಯದು, ಕಿರಿದಾದರೂ ಕೆಡದಿರುವುದು. ವಿಜಯನಗರದ ಅಚ್ಯುತರಾಯನ (1529–1542) ಪುಟ್ಟ ನಾಣ್ಯಗಳ ಮೇಲೂ ಈ ಹಕ್ಕಿಯಿದೆ. ಮೂರನೆಯದು, ಸ್ಥಿರತೆ. ಮೈಸೂರು ಅರಸರ ಲಾಂಛನವಾಗಿದ್ದ ಇದೇ ಪಕ್ಷಿ ಇಂದು ಕರ್ನಾಟಕದ ರಾಜ್ಯ ಲಾಂಛನದಲ್ಲಿದೆ. ಪದೇ ಪದೇ ಬದಲಾಗುವ ಗುರುತು ಯಾರ ನೆನಪಿನಲ್ಲೂ ನೆಲೆಸದು.

ಪಾವಗಡದ ಕೆಲವು ಗೆಳೆಯರ ಮನೆಮಾತು ತೆಲುಗು, ಸಿರಾದ ಕೆಲವರದು ಉರ್ದು. ಚಿತ್ರಕ್ಕೆ ಈ ಭೇದವಿಲ್ಲ.

ಆದರೆ ಗುರುತು ಹಿಡಿಯುವಂತೆ ಮಾಡುವುದಷ್ಟೇ ಚಿತ್ರಕಾರನ ಕೆಲಸ. ನಂಬುವಂತೆ ಮಾಡಬೇಕಾದದ್ದು ಬಸ್ಸು. ಕೈಯೆತ್ತಿದ ಅಜ್ಜಿಯ ಮುಂದೆ ಅದು ನಿಲ್ಲದೆ ಹೋದರೆ ಎಷ್ಟು ಅಂದದ ಹಕ್ಕಿಯಿದ್ದೂ ಫಲವೇನು?